ಮುಖ ಅಳಿಸಿ ಬಾಗಿಲು ಬರೆದ ಗೋಡೆ: ಬಾಗಲಕೋಟೆಯ ಒಂದು ಪ್ರಕರಣ

ಈ ಪ್ರಕರಣ ನಡೆದದ್ದು ಬಾಗಲಕೋಟೆಯ ನವನಗರದ ಒಂದು ಸೆಕ್ಟರಿನಲ್ಲಿ. ಸೆಕ್ಟರಿನ ಸಂಖ್ಯೆ, ಗೋಡೆಯ ಒಡೆತನದ ಸಂಸ್ಥೆ, ಚಿತ್ರ ಬರೆದವರು, ಅದನ್ನು ವಿರೋಧಿಸಿದವರು ಹೀಗೆ ಯಾರ ಗುರುತೂ ಸಿಗದಂತೆ ವಿವರಗಳನ್ನು ಮರೆಮಾಡಿದ್ದೇನೆ; ಎರಡು ಮನೆಗಳ ಸಂಗತಿಯನ್ನು ಒಂದೇ ಮನೆಯದೆಂಬಂತೆ ಕೂಡಿಸಿದ ಕಡೆಯೂ ಇದೆ. ಸಮುದಾಯಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಹೆಸರು ಬಂದ ಕೂಡಲೇ ಓದುವವರ ಗಮನ ಗೋಡೆಯನ್ನು ಬಿಟ್ಟು ಜಾತಿಯ ಕಡೆಗೆ ಹೊರಳುತ್ತದೆ. ನಿರ್ಧಾರಗಳನ್ನು ಮಾತ್ರ ನಡೆದಂತೆಯೇ ಬರೆದಿದ್ದೇನೆ. ಅನುಮತಿ ಕೇಳುವುದು, ಬಣ್ಣದ ಲೆಕ್ಕ ಇಡುವುದು, ಜನರನ್ನು ಸೇರಿಸುವುದು ಮೊದಲಿನಿಂದಲೂ ನನ್ನ ಪಾಲಿನ ಕೆಲಸವಾಗಿತ್ತು. ಆದ್ದರಿಂದ ಇಲ್ಲಿ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ನವನಗರದ ಗೋಡೆಗಳ ಬಗ್ಗೆ ಮಾತಾಡುವ ಮೊದಲು ಆ ಊರು ಏಕೆ ಹುಟ್ಟಿತು ಎಂಬುದನ್ನು ನೆನೆಯಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಹಾಕಲಾಯಿತು. ಮುಂದೆ ಆಲಮಟ್ಟಿಯಲ್ಲಿ ನೀರು ನಿಂತಾಗ ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಹಿನ್ನೀರಿನ ಪಾಲಾದವು. ಮನೆ ಕಳೆದುಕೊಂಡವರಿಗಾಗಿ ದೂರದ ಎತ್ತರದ ಜಾಗದಲ್ಲಿ ಸೆಕ್ಟರುಗಳಾಗಿ ಭಾಗಿಸಿದ ಹೊಸ ಊರು ಎದ್ದಿತು. ಹಳೆಯ ಊರಿನಲ್ಲಿ ಒಂದು ಮನೆಯ ಗೋಡೆ ಇನ್ನೊಂದು ಮನೆಗೆ ಆತುಕೊಂಡೇ ಇರುತ್ತಿತ್ತು, ಕಟ್ಟೆ ಓಣಿಗೆ ಚಾಚಿಕೊಂಡಿರುತ್ತಿತ್ತು, ಯಾರ ಗೋಡೆ ಯಾರದು ಎಂಬುದು ಚಿಕ್ಕ ಹುಡುಗರಿಗೂ ಗೊತ್ತಿರುತ್ತಿತ್ತು. ನವನಗರದಲ್ಲಿ ರಸ್ತೆಗಳು ಅಗಲ, ಕಚೇರಿ, ಶಾಲೆ, ವಸತಿನಿಲಯಗಳ ಕಂಪೌಂಡ್ ಗೋಡೆಗಳು ಉದ್ದ. ರಸ್ತೆಯ ಒಂದು ಬದಿ ಮನೆಗಳು, ಇನ್ನೊಂದು ಬದಿ ಬರೀ ಗೋಡೆ ಎಂಬಂಥ ಜಾಗಗಳು ಅಲ್ಲಿ ಬೇಕಾದಷ್ಟಿವೆ. ಆ ಗೋಡೆಯನ್ನು ದಿನಾ ನೋಡುವವರು ಎದುರಿನ ಮನೆಯವರು, ಆದರೆ ಅದರ ಬೀಗದ ಕೈ ಇರುವುದು ಬೇರೆ ಯಾರದೋ ಕೈಯಲ್ಲಿ.

ಗೋಡೆಗೆ ಬಣ್ಣ ತಾಗುವುದು ಈ ಜನರಿಗೆ ಹೊಸದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಬಾಗಲಕೋಟೆಯ ಹೋಳಿ ಹಲವು ದಿನಗಳ ಹಬ್ಬ. ಬ್ಯಾರಲ್‌ಗಳಲ್ಲಿ ಬಣ್ಣ ತುಂಬಿಕೊಂಡು ಬಂಡಿಗಳು ಓಣಿ ಓಣಿ ತಿರುಗುತ್ತವೆ, ಹಲಗಿಯ ಸದ್ದಿನ ನಡುವೆ ಎರಚಿದ ಬಣ್ಣ ಗೋಡೆಗಳ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಅದನ್ನು ಯಾರೂ ಕೆಡಿಸಿದರೆಂದು ದೂರುವುದಿಲ್ಲ. ಮದುವೆ ಗೊತ್ತಾದ ಮನೆಗೆ ಸುಣ್ಣ ಬಳಿದು, ಬಾಗಿಲ ಮಗ್ಗುಲಲ್ಲಿ ವಧೂವರರ ಹೆಸರು ಬರೆಸುವ ರೂಢಿಯೂ ಹಳಬರಿಗೆ ಚೆನ್ನಾಗಿ ಗೊತ್ತು. ಬೀದಿಚಿತ್ರದ ವಿಷಯ ಬಂದಾಗ, ನಮ್ಮ ಸಣ್ಣ ಊರಿನವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಹೇಳುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ನಮ್ಮ ಜನರಿಗೆ ಗೋಡೆಯನ್ನು ಓದುವುದು ಬರುತ್ತದೆ. ಅವರು ಅದನ್ನು ಹೇಗೆ ಓದುತ್ತಾರೆ ಎಂಬುದನ್ನು ತಿಳಿಯದೆ ನಾವು ಬರೆಯಲು ಹೋದೆವು.

ಸಮಸ್ಯೆ

ಈ ಗೋಡೆ ಸುಮಾರು ಇನ್ನೂರು ಅಡಿ ಉದ್ದ, ಆಳೆತ್ತರಕ್ಕಿಂತ ತುಸು ಹೆಚ್ಚು. ಕಲ್ಲಿನ ಗೋಡೆಗೆ ಗಿಲಾವು ಮಾಡಿ ಯಾವಾಗಲೋ ಒಮ್ಮೆ ಹಳದಿ ಸುಣ್ಣ ಬಳಿದಿದ್ದರು. ಅದರ ಮೇಲೆ ಮೂಲವ್ಯಾಧಿ ಚಿಕಿತ್ಸೆ, ಬೋರ್‌ವೆಲ್ ಪಾಯಿಂಟ್, ಸ್ಪೋಕನ್ ಇಂಗ್ಲಿಷ್ ಕ್ಲಾಸ್, ಬಾಡಿಗೆಗೆ ಜೆಸಿಬಿ ಎಂದು ಮೊಬೈಲ್ ನಂಬರುಗಳ ಸಾಲು. ನಡುನಡುವೆ ಇದ್ದಿಲಿನಿಂದ ಬರೆದ ಹುಡುಗ ಹುಡುಗಿಯರ ಹೆಸರು, ಕ್ರಿಕೆಟ್ಟಿನ ಮೂರು ಗೆರೆಯ ವಿಕೆಟ್. ಸೊಂಟದೆತ್ತರದವರೆಗೆ ಗುಟ್ಕಾದ ಕೆಂಪು ಉಗುಳು. ಗೋಡೆಯ ಒಂದು ಕೊನೆಯಲ್ಲಿ ಆಟೋಗಳು ನಿಲ್ಲುತ್ತಿದ್ದವು, ಹತ್ತಿರದಲ್ಲೆಲ್ಲೂ ತೆರೆದಿದ್ದ ಶೌಚಾಲಯವಿರಲಿಲ್ಲ, ಹಾಗಾಗಿ ಗೋಡೆಯೇ ಶೌಚಾಲಯವಾಗಿತ್ತು. ಎದುರು ಮನೆಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಕೂರುವುದನ್ನೇ ಬಿಟ್ಟಿದ್ದರು. ಟ್ಯೂಷನ್ನಿಗೆ ಹೋಗುವ ಹುಡುಗಿಯರು ಸುತ್ತುಹಾಕಿ ಹಿಂದಿನ ರಸ್ತೆಯಿಂದ ಹೋಗುತ್ತಿದ್ದರು.

ಮೊದಲು ಆದದ್ದು ಎಲ್ಲ ಕಡೆ ಆಗುವಂಥದೇ. ಸುಣ್ಣ ಬಳಿಸಿದರು, ತಿಂಗಳು ತುಂಬುವ ಮೊದಲೇ ಮೊಬೈಲ್ ನಂಬರುಗಳು ಮರಳಿದವು. ‘ಇಲ್ಲಿ ಮೂತ್ರ ವಿಸರ್ಜಿಸಬಾರದು, ತಪ್ಪಿದರೆ ದಂಡ’ ಎಂದು ಬರೆಸಿದರು. ಆ ಅಕ್ಷರಗಳ ಕೆಳಗೇ ಒದ್ದೆ. ನೆದರ್ಲೆಂಡ್ಸಿನ ಗ್ರೋನಿಂಗೆನ್ ಊರಿನಲ್ಲಿ ಸಂಶೋಧಕರು ನಡೆಸಿ 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಸಂಗತಿಗೆ ತೀರ ಹತ್ತಿರದ್ದು. ಗೀಚಬಾರದೆಂಬ ಫಲಕವಿದ್ದ ಗೋಡೆಯ ಬಳಿ ನಿಲ್ಲಿಸಿದ ಸೈಕಲ್ಲುಗಳಿಗೆ ಕರಪತ್ರ ಸಿಕ್ಕಿಸಿ ನೋಡಿದಾಗ, ಗೋಡೆ ಶುಭ್ರವಾಗಿದ್ದ ದಿನ ನೂರಕ್ಕೆ 33 ಜನ ಕರಪತ್ರವನ್ನು ನೆಲಕ್ಕೆ ಎಸೆದರು, ಅದೇ ಗೋಡೆಯ ಮೇಲೆ ಗೀಚಿದ್ದ ದಿನ 69 ಜನ ಎಸೆದರು. ಮಾಡಬೇಡಿ ಎಂಬ ಬರಹ ಇದ್ದು, ಅದನ್ನು ಮೀರಿದ ಗುರುತೂ ಅಲ್ಲೇ ಕಣ್ಣಿಗೆ ಬೀಳುತ್ತಿದ್ದರೆ ಜನ ಓದುವುದು ಎರಡನೆಯದನ್ನು. ನಮ್ಮ ಗೋಡೆಯ ದಂಡದ ಬರಹ ಮಾಡಿದ್ದು ಇಷ್ಟನ್ನೇ.

ಮೂರನೆಯ ಉಪಾಯ ದೇವರ ಟೈಲ್ಸ್. ಎದುರಿನ ಮನೆಗಳವರೇ ಪಟ್ಟಿ ಹಾಕಿ ತಂದು, ಮೊಣಕಾಲೆತ್ತರದಲ್ಲಿ ಅಲ್ಲಲ್ಲಿ ಕೂರಿಸಿದರು. ಎಲ್ಲ ಧರ್ಮದವುಗಳೂ ಇರಲೆಂದು ನೋಡಿಯೇ ತಂದಿದ್ದರು. ಟೈಲ್ಸ್ ಇದ್ದಷ್ಟು ದೂರ ಗೋಡೆ ಒಣಗಿತು, ಟೈಲ್ಸ್ ಮುಗಿದಲ್ಲಿಂದ ಮೊದಲಿಗಿಂತ ಹೆಚ್ಚು ಒದ್ದೆಯಾಯಿತು. ಒಂದು ಮನೆಯ ಅಜ್ಜಿ ಅದನ್ನು ನೋಡಿ, ದೇವರನ್ನು ಕಾವಲಿಗೆ ನಿಲ್ಲಿಸುವ ಜಾಗ ಇದಲ್ಲ ಎಂದು ಹಟ ಹಿಡಿದು, ಮೊಮ್ಮಗನ ಕೈಯಿಂದ ತಮ್ಮ ಮನೆಯವರು ಕೂರಿಸಿದ್ದನ್ನು ಕೀಳಿಸಿದರು. ನಾಲ್ಕು ದಿನಗಳಲ್ಲಿ ಉಳಿದವರೂ ಕಿತ್ತರು. ಗಿಲಾವು ಎದ್ದ ಚೌಕಗಳು ಮಾತ್ರ ಉಳಿದವು.

ಮುಖ

ಚಿತ್ರಕಲೆ ಕಲಿಯುತ್ತಿದ್ದ ಐದಾರು ಹುಡುಗ ಹುಡುಗಿಯರು ನಮ್ಮನ್ನು ಕಾಣಲು ಬಂದದ್ದು ಆಗ. ಬೆಂಗಳೂರಿನಲ್ಲಿ 2009ರ ಸುಮಾರಿಗೆ ಮಹಾನಗರ ಪಾಲಿಕೆ ಪೋಸ್ಟರುಗಳ ಹಾವಳಿ ತಡೆಯಲು ಸಿನಿಮಾ ಬ್ಯಾನರ್ ಬರೆಯುತ್ತಿದ್ದವರಿಂದಲೇ ಗೋಡೆಗಳಿಗೆ ಚಿತ್ರ ಬರೆಸಿದ್ದನ್ನೂ, ದಿಲ್ಲಿಯ ಲೋಧಿ ಕಾಲೊನಿಯ ಸರ್ಕಾರಿ ವಸತಿಗಳ ಗೋಡೆಗಳೆಲ್ಲ ಚಿತ್ರಶಾಲೆಯಂತಾದುದನ್ನೂ ಅವರು ಬಲ್ಲವರು. ಅವರ ಯೋಜನೆ ಮುಳುಗಿದ ಊರಿನದು: ಇಳಕಲ್ ಸೀರೆಯ ಸೆರಗು ಹೊದ್ದ ಒಬ್ಬ ಮುದುಕಿಯ ಭಾರಿ ಮುಖ, ಅದರ ಕೆಳಗಿನ ಅರ್ಧ ನೀರಿನಲ್ಲಿ ಕರಗುತ್ತಿರುವಂತೆ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನದ ಜೊತೆಗೆ ಉಳಿದಿರುವ ಚಿತ್ರಗಳ ಮುಖದ ತಿರುವನ್ನು ಅಭ್ಯಾಸ ಮಾಡಿ ಬಂದಿದ್ದರು. ಕರಡನ್ನು ನೋಡಿದ ನಮಗೆಲ್ಲ ಮನಸ್ಸು ತುಂಬಿತು.

ನಾವು ಎಚ್ಚರ ತಪ್ಪಿರಲಿಲ್ಲ ಎಂದೇ ಅಂದುಕೊಂಡಿದ್ದೆವು. ಎರಡು ಸಂಜೆ ಆ ರಸ್ತೆಯಲ್ಲಿ ನಿಂತು, ಹೋಗಿಬರುವವರನ್ನು ‘ಈ ಗೋಡೆಗೆ ಚಿತ್ರ ತೆಗೆದರೆ ನಡೆದೀತೇ’ ಎಂದು ಕೇಳಿದೆವು. ಬೇಡವೆಂದವರು ಇಲ್ಲವೆಂಬಷ್ಟು ಕಡಿಮೆ. ಸಂಸ್ಥೆಯ ಮೇಲ್ವಿಚಾರಕರು ಬಾಯಿಮಾತಿನಲ್ಲಿ ಒಪ್ಪಿದರು. ಏನನ್ನು ಬರೆಯುತ್ತೇವೆ ಎಂಬುದನ್ನು ಮಾತ್ರ ಎದುರಿನ ಮನೆಗಳಿಗೆ ಹೋಗಿ ತೋರಿಸಲಿಲ್ಲ. ಮುಗಿದ ಮೇಲೆ ನೋಡಿ ಸಂತೋಷಪಡಲಿ ಎಂಬ ಆಸೆಯಿತ್ತು. ನಾಲ್ಕು ದಿನಗಳಲ್ಲಿ ಮುಖ ಮುಗಿಯಿತು. ಚಿತ್ರ ಚೆನ್ನಾಗಿತ್ತು ಎಂಬುದನ್ನು ಈಗಲೂ ಹೇಳುತ್ತೇನೆ. ಹಣೆಯ ಸುಕ್ಕುಗಳಲ್ಲಿ ಓಣಿಗಳ ನಕ್ಷೆಯೇ ಇತ್ತು.

ಮೊದಲ ಸಂಜೆ ಎದುರು ಮನೆಯ ಹಿರಿಯ ಹೆಣ್ಣುಮಗಳೊಬ್ಬರು ರಸ್ತೆ ದಾಟಿ ಬಂದು, ಬ್ರಷ್ ತೊಳೆಯುತ್ತಿದ್ದ ಹುಡುಗನನ್ನು ಕೇಳಿದರು: ‘ಯಾರ ಮನ್ಯಾಗ ತೀರಿಕೊಂಡಾರ ತಮ್ಮಾ? ಇಷ್ಟ ದೊಡ್ಡ ಫೋಟೋ ತಗದೀರಿ.’ ಯಾರೂ ತೀರಿಕೊಂಡಿಲ್ಲ, ಇದು ಚಿತ್ರ ಎಂದು ಅವನು ಹೇಳಿದ್ದು ಅವರಿಗೆ ಸಮಾಧಾನ ತರಲಿಲ್ಲ. ಮರುದಿನ ಬೆಳಿಗ್ಗೆ ಗೋಡೆಯ ಬುಡದಲ್ಲಿ ಎರಡು ಊದುಬತ್ತಿಯ ಬೂದಿ, ಒಂದು ಚೆಂಡುಹೂವಿನ ಸರ ಕಂಡವು. ಮೂರನೆಯ ದಿನ ಕಿರಾಣಿ ಅಂಗಡಿಯಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಈ ಮುದುಕಿ ಯಾರ ಪೈಕಿ? ಹಣೆಯ ಮೇಲೆ ಹುಡುಗರು ಸಹಜವಾಗಿ ಹಾಕಿದ್ದ ಗುರುತು, ಮೂಗುತಿಯ ಬದಿ, ಸೆರಗಿನ ಬದಿ ಇವೆಲ್ಲ ಒಂದು ಸಮುದಾಯದ ಕಡೆಗೆ ಬೆರಳು ತೋರಿಸುತ್ತವೆ ಎಂದು ಕೆಲವರು ಓದಿದರು. ಊರು ಮುಳುಗಿದಾಗ ಹೋದದ್ದು ಅವರದೊಂದೇ ಮನೆಯೇ ಎಂಬ ಪ್ರಶ್ನೆ ಎದ್ದಿತು. ಎಂಟನೆಯ ದಿನ ರಾತ್ರಿ ಯಾರೋ ಸುಟ್ಟ ಇಂಜಿನ್ ಆಯಿಲ್ ತಂದು ಮುದುಕಿಯ ಹಣೆಗೆ ಎರಚಿದರು. ಅದು ಕಣ್ಣುಗಳ ಮೇಲಿಂದ ಇಳಿದು ನೀರಿನ ಭಾಗದವರೆಗೆ ಬಂದು ನಿಂತಿತ್ತು.

ಮುಖವೆಂದರೆ ಮುಖ, ಅದು ಯಾರದೂ ಆಗಬೇಕಾಗಿಲ್ಲ ಎಂದು ಹುಡುಗರು ನಂಬಿದ್ದರು, ನಾನೂ ನಂಬಿದ್ದೆ. ಆದರೆ ನಮ್ಮ ಊರುಗಳ ರಸ್ತೆಯಲ್ಲಿ ದೊಡ್ಡ ಮುಖಗಳು ಯಾರವು ಎಂದು ಒಮ್ಮೆ ಎಣಿಸಿ ನೋಡಬೇಕು. ದೇವರು, ಸ್ವಾಮಿಗಳು, ನಾಯಕರು, ಹುಟ್ಟುಹಬ್ಬದ ಫ್ಲೆಕ್ಸಿನ ಹುಡುಗರು, ಮತ್ತು ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿರುವವರು. ಈ ಪಟ್ಟಿಯ ಹೊರಗಿನ ಮುಖ ಎಲ್ಲೂ ಕಾಣುವುದಿಲ್ಲ. ಹೆಸರಿಲ್ಲದ ಮುಖವನ್ನು ಕಂಡವರು ಅದಕ್ಕೊಂದು ಹೆಸರನ್ನು, ಮನೆತನವನ್ನು, ಸಾವನ್ನು ಕೊಟ್ಟೇ ಓದುತ್ತಾರೆ. ಊದುಬತ್ತಿ ಹಚ್ಚಿದವರೂ ಎಣ್ಣೆ ಎರಚಿದವರೂ ಓದಿದ್ದು ಒಂದನ್ನೇ: ಇಲ್ಲಿ ಯಾರನ್ನೋ ನಿಲ್ಲಿಸಲಾಗಿದೆ. ಒಬ್ಬರು ಗೌರವಿಸಿದರು, ಇನ್ನೊಬ್ಬರು ತಡೆದರು.

ಆ ಹದಿನೈದು ದಿನ

ಎಣ್ಣೆ ಬಿದ್ದ ಬೆಳಿಗ್ಗೆ ನಮ್ಮ ಮುಂದೆ ಮೂರು ದಾರಿಗಳಿದ್ದವು. ಪೊಲೀಸರಿಗೆ ದೂರು ಕೊಡುವುದು, ಅಂದೇ ರಾತ್ರಿ ಮುಖವನ್ನು ತಿದ್ದಿ ಮೊದಲಿನಂತೆ ಮಾಡುವುದು, ಅಥವಾ ಮುಟ್ಟದೆ ಬಿಡುವುದು. ಹುಡುಗರು ತಿದ್ದಬೇಕೆಂದರು. ನಾನು ದೂರಿನ ಪರವಾಗಿದ್ದೆ. ಅದೇ ಸೆಕ್ಟರಿನ ವಕೀಲರೊಬ್ಬರು ಕೇಳಿದ ಒಂದು ಪ್ರಶ್ನೆ ನಮ್ಮನ್ನು ನಿಲ್ಲಿಸಿತು: ನಿಮ್ಮ ಬಳಿ ಬರವಣಿಗೆಯಲ್ಲಿ ಅನುಮತಿ ಇದೆಯೇ? ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕ 1981ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ಹಾಕಿದವರಿಗೆ 6 ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು; ಜಾಹೀರಾತು ಎಂಬ ಮಾತಿನೊಳಗೆ ಅಕ್ಷರ, ಚಿತ್ರ, ಚಿಹ್ನೆ ಎಲ್ಲವೂ ಸೇರುತ್ತವೆ. ಮೂಲವ್ಯಾಧಿಯ ನಂಬರಿಗೂ ನಮ್ಮ ಮುದುಕಿಗೂ ಅನುಮತಿಯ ಮಾತು ಬಂದಾಗ ಅಂಥ ಅಂತರವೇನೂ ಇರಲಿಲ್ಲ. ದೂರು ಎಣ್ಣೆ ಎರಚಿದವರ ಮೇಲೆ ಹೋಗುವ ಮೊದಲು ಬ್ರಷ್ ಹಿಡಿದ ಮಕ್ಕಳ ಕಡೆಗೆ ತಿರುಗುವ ಸಾಧ್ಯತೆಯಿತ್ತು.

ಮುಟ್ಟದೆ ಬಿಡುವುದೆಂದು ತೀರ್ಮಾನವಾಯಿತು. ಈ ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಸರಿಯಾದ ನಿರ್ಧಾರಗಳಲ್ಲಿ ಇದು ಮೊದಲನೆಯದು. ರಾತ್ರೋರಾತ್ರಿ ತಿದ್ದಿದ್ದರೆ ಅದು ಸವಾಲಿಗೆ ಸವಾಲಾಗುತ್ತಿತ್ತು. ಎಣ್ಣೆಯ ಕರೆ ಅಲ್ಲೇ ಉಳಿದದ್ದರಿಂದ ಎಲ್ಲರೂ ಅದನ್ನು ದಿನಾ ನೋಡಬೇಕಾಯಿತು, ನೋಡಿದವರೆಲ್ಲ ಮಾತಾಡಬೇಕಾಯಿತು. ನಾವು ಸಂಜೆ ಹೊತ್ತು ಎದುರಿನ ಕಟ್ಟೆಗಳ ಮೇಲೆ ಹೋಗಿ ಕೂರತೊಡಗಿದೆವು. ಮೊದಲ ಮೂರು ದಿನ ಚಹಾ ಬಂತು, ಮಾತು ಬರಲಿಲ್ಲ. ನಾಲ್ಕನೆಯ ದಿನ ನಿವೃತ್ತ ನೌಕರರೊಬ್ಬರು ಬಾಯಿಬಿಟ್ಟರು: ‘ಮಕ್ಕಳ ಕೈ ಛಲೋ ಐತಿ, ಅದನ್ನ ಯಾರೂ ಅಲ್ಲ ಅನ್ನೂದಿಲ್ಲ. ಆದ್ರ ನಮ್ಮ ಮನಿ ಮುಂದ ಯಾರನ್ನ ತಂದ ನಿಲ್ಲಸ್ತೀರಿ ಅಂತ ಒಂದ ಮಾತ ಕೇಳಬೇಕಾಗಿತ್ತಿಲ್ರಿ?’

ಈ ಮಾತು ಬಂದ ಮೇಲೆ ಎರಡು ಸಂಜೆ ಕೂತು ಬರೆದುಕೊಂಡಿದ್ದ ನಮ್ಮ ‘ಅಭಿಪ್ರಾಯ ಸಂಗ್ರಹ’ದ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ಚಿತ್ರ ನಡೆದೀತೇ ಎಂದು ಕೇಳಿದ್ದೆವು, ನಡೆದೀತು ಎಂದಿದ್ದರು. ಕೇಳಿದವರಲ್ಲಿ ಹೆಚ್ಚಿನವರು ಆ ದಾರಿಯಲ್ಲಿ ಹೋಗಿಬರುವವರು, ಬೆಳಗಾಗೆದ್ದು ಬಾಗಿಲು ತೆರೆದರೆ ಆ ಗೋಡೆಯನ್ನೇ ನೋಡಬೇಕಾದವರಲ್ಲ. ಬೀದಿಚಿತ್ರದ ಬಗ್ಗೆ ಜನಾಭಿಪ್ರಾಯ ಏನು ಎಂದು ತಿಳಿಯ ಹೊರಟವರು ಈ ವ್ಯತ್ಯಾಸವನ್ನು ಮರೆತರೆ, ಸಿಗುವ ಉತ್ತರ ಎಷ್ಟೇ ಅನುಕೂಲಕರವಾಗಿದ್ದರೂ ಅದು ಆ ಗೋಡೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮುಖವನ್ನು ಅಳಿಸಬೇಕೆಂಬ ಮಾತು ಬಂದಾಗ ವಿದ್ಯಾರ್ಥಿನಿಯೊಬ್ಬಳು ತೀರ ನ್ಯಾಯವಾದ ಪ್ರಶ್ನೆ ಎತ್ತಿದಳು. ಗೋಡೆ ಸಂಸ್ಥೆಯದು, ಎದುರು ಮನೆ ಅವರದು, ಚಿತ್ರ ಯಾರದು? ದಿಲ್ಲಿಯ ವಿಜ್ಞಾನ ಭವನದ ಗೋಡೆಯಿಂದ 1979ರಲ್ಲಿ ಕಿತ್ತುಹಾಕಿದ ಭಿತ್ತಿಶಿಲ್ಪಕ್ಕಾಗಿ ಕಲಾವಿದ ಅಮರನಾಥ್ ಸೆಹಗಲ್ ವರ್ಷಗಟ್ಟಲೆ ಹೋರಾಡಿದ್ದು, 2005ರಲ್ಲಿ ದಿಲ್ಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಹೇಳಿದ್ದು ಅವಳಿಗೆ ಗೊತ್ತಿತ್ತು. ಕೃತಿ ಬೇರೆಯವರ ಕೈ ಸೇರಿದ ಮೇಲೂ ಅದರ ಮೇಲೆ ಕಲಾವಿದರ ನೈತಿಕ ಹಕ್ಕು ಉಳಿಯುತ್ತದೆ ಎಂಬುದು ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮಿನ ಮಾತು. ನಮ್ಮ ಗೋಡೆ ಕೋರ್ಟಿಗೆ ಹೋಗುವಂಥದಲ್ಲ, ಆದರೆ ಆ ಹುಡುಗಿಯ ಮಾತನ್ನು ಬದಿಗೆ ತಳ್ಳಿದ್ದರೆ ಅವಳ ಪಾಲಿಗೆ ನಾವೂ ಎಣ್ಣೆ ಎರಚಿದವರ ಸಾಲಿಗೆ ಸೇರುತ್ತಿದ್ದೆವು. ಅಳಿಸುವುದಾದರೆ ಬರೆದವರೇ, ತಮಗೆ ಸರಿಕಂಡ ದಿನ, ತಮ್ಮ ಕೈಯಾರೆ ಅಳಿಸಲಿ ಎಂದು ಬಿಟ್ಟೆವು. ಅವರು ಒಂದು ವಾರ ತೆಗೆದುಕೊಂಡರು. ಒಂದು ಭಾನುವಾರ ಬೆಳಿಗ್ಗೆ ಬಂದು ಚಿತ್ರದ ಫೋಟೋ ತೆಗೆದುಕೊಂಡು ಸುಣ್ಣ ಕಲಸಿದರು. ಮೊದಲ ದಿನ ಪ್ರಶ್ನೆ ಕೇಳಿದ್ದ ಆ ಹಿರಿಯ ಹೆಣ್ಣುಮಗಳು ರಸ್ತೆ ದಾಟಿ ಬಂದು, ಬಳಿಯುವ ಮುನ್ನ ಗೋಡೆಯ ಬುಡಕ್ಕೆ ಒಂದು ತಂಬಿಗೆ ನೀರು ಹಾಕಿ ಕೈಮುಗಿದರು. ಯಾರೂ ಅವರನ್ನು ಏನನ್ನೂ ಕೇಳಲಿಲ್ಲ.

ಬಾಗಿಲುಗಳು

ಬಾಗಿಲ ಮಾತು ಬಂದದ್ದು ಕಟ್ಟೆಯ ಮೇಲೆಯೇ. ಊರು ಬಿಡುವಾಗ ಹಲವರು ಹಳೆಯ ಮನೆಯ ಬಾಗಿಲು, ತೊಲೆ, ಕಂಬಗಳನ್ನು ಕಿತ್ತು ತಂದಿದ್ದರು. ಕೆಲವು ಹೊಸ ಮನೆಗಳಿಗೆ ಕೂಡಿದ್ದವು, ಕೆಲವು ಹೊಸ ಅಳತೆಗೆ ಕೂಡದೆ ಹಿತ್ತಲಿನಲ್ಲಿ ಗೋಡೆಗೊರಗಿ ನಿಂತಿದ್ದವು. ಒಬ್ಬರು ತಮ್ಮ ಮನೆಯ ತಲಬಾಗಿಲಿನ ಹಿತ್ತಾಳೆಯ ಗುಬ್ಬಿಗಳ ಲೆಕ್ಕ ಹೇಳಿದರು. ಇನ್ನೊಬ್ಬರು ಅಷ್ಟು ಇರಲಿಲ್ಲ ಎಂದು ವಾದಕ್ಕಿಳಿದರು. ಕೊನೆಗೆ ಹಿತ್ತಲಿಗೆ ಹೋಗಿ, ಮೇಲೆ ಹೊದಿಸಿದ್ದ ಗೋಣಿಚೀಲ ಸರಿಸಿ, ಎಣಿಸಿಯೇ ಬಂದರು. ಕೂತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಯ ಮೇಲೆ ಏನು ಬರಬೇಕೆಂಬುದು ಅಲ್ಲಿ ನಿರ್ಧಾರವಾಯಿತು: ಹಳೆಯ ಊರಿನ ಬಾಗಿಲುಗಳ ಒಂದು ಸಾಲು, ಎಲ್ಲವೂ ಇದ್ದ ಅಳತೆಯಲ್ಲಿ, ಮುಚ್ಚಿದ ಕದಗಳೊಂದಿಗೆ. ಹೆಸರು ಬೇಡ, ಮುಖ ಬೇಡ.

ಈ ಸಲ ಲಿಖಿತ ಅನುಮತಿ ಪಡೆದೆವು. ವಿದ್ಯಾರ್ಥಿಗಳ ಜೊತೆಗೆ ಒಬ್ಬ ಹಳೆಯ ಪೇಂಟರನ್ನು ಸೇರಿಸಿಕೊಂಡೆವು. ಫ್ಲೆಕ್ಸ್ ಬರುವವರೆಗೆ ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿ ಬರೆದು ಜೀವನ ಮಾಡಿದವರು, ಆಮೇಲೆ ಮನೆಗಳಿಗೆ ಬಣ್ಣ ಬಳಿಯುವ ಕೂಲಿಗೆ ಇಳಿದವರು. ಗೋಡೆಯನ್ನು ನೋಡಿದ ಕೂಡಲೇ ಅವರು ಹೇಳಿದ್ದು ಚಿತ್ರದ ಮಾತಲ್ಲ, ಉಪ್ಪಿನ ಮಾತು. ಗೋಡೆಯ ಬುಡದ ಎರಡು ಅಡಿ ಉಪ್ಪು ಉಗುಳುತ್ತದೆ, ಅಲ್ಲಿ ಏನು ಬರೆದರೂ ಒಂದೇ ಮಳೆಗಾಲದಲ್ಲಿ ಹೊಪ್ಪಳೆ ಏಳುತ್ತದೆ, ಅಷ್ಟನ್ನು ಕೆಮ್ಮಣ್ಣಿನ ಬಣ್ಣದ ಪಟ್ಟಿ ಮಾಡಿ ಬಿಡೋಣ, ಅದು ಕಟ್ಟೆಯ ಹಾಗೆ ಕಾಣುತ್ತದೆ ಎಂದರು. ಹಳೆಯ ಸುಣ್ಣವನ್ನು ಪಟ್ಟಿಯಿಂದ ಕೆರೆದು, ಪ್ರೈಮರ್ ಹಚ್ಚಿ ಎರಡು ದಿನ ಒಣಗಲು ಬಿಟ್ಟರು. ಸುಣ್ಣದ ಪುಡಿಯಲ್ಲಿ ಅದ್ದಿದ ದಾರವನ್ನು ಎರಡು ತುದಿಯಲ್ಲಿ ಹಿಡಿಸಿ, ನಡುವೆ ಚಿಮ್ಮಿಸಿ ಗೋಡೆಯುದ್ದಕ್ಕೆ ನೇರ ಗೆರೆ ಹಾಕಿದಾಗ ಕಾಲೇಜಿನ ಮಕ್ಕಳು ಬಾಯಿ ತೆರೆದು ನೋಡಿದರು. ಕದದ ಹಲಗೆಗಳ ನಡುವಿನ ಸಂದಿಗೆ ಒಂದೇ ಕಪ್ಪು ಗೆರೆ ಸಾಲದು, ಅದರ ಮಗ್ಗುಲಿಗೆ ಕೂದಲೆಳೆಯಷ್ಟು ಬಿಳಿ ಎಳೆದರೆ ಹಲಗೆ ಎದ್ದು ಬರುತ್ತದೆ ಎಂದು ತೋರಿಸಿದರು. ಅಗಳಿಯ ನೆರಳನ್ನು ಅವರು ಬರೆದ ಮೇಲೆ ಮೂರು ವರ್ಷದ ಮಗುವೊಂದು ಅದನ್ನು ಎಳೆಯಲು ಹೋಯಿತು.

ತೊಡಕುಗಳು ಮುಗಿದಿರಲಿಲ್ಲ. ಯಾರ ಬಾಗಿಲು ಗೇಟಿನ ಹತ್ತಿರ ಬರಬೇಕು, ಯಾರದು ಆಟೋ ನಿಲ್ಲುವ ಕೊನೆಗೆ ಹೋಗಬೇಕು ಎಂಬುದರಲ್ಲಿ ಹಳೆಯ ಮರ್ಯಾದೆಗಳ ಲೆಕ್ಕ ಇಣುಕಿತು. ಹೆಸರಿಲ್ಲದ ಬಾಗಿಲುಗಳೇ ಆದರೂ ಯಾವುದು ಯಾರದೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಚೀಟಿ ಬರೆದು ತಂಬಿಗೆಯಲ್ಲಿ ಹಾಕಿ, ಒಂದು ಮಗುವಿನ ಕೈಯಿಂದ ಎತ್ತಿಸಿ ಸಾಲನ್ನು ಗೊತ್ತುಮಾಡಿದೆವು. ಬಾಗಿಲ ಮೇಲಿನ ಪಟ್ಟಿಯ ವಿಷಯವೂ ಬಂತು. ಕೆಲವದರಲ್ಲಿ ಗಣಪತಿ, ಒಂದರಲ್ಲಿ ಚಂದ್ರ ಮತ್ತು ಚುಕ್ಕಿ, ಹಲವದರಲ್ಲಿ ಬರೀ ಬಳ್ಳಿ. ಮುಖದ ಹಣೆಯ ಗುರುತಿನಿಂದ ಪೆಟ್ಟು ತಿಂದಿದ್ದ ನಾನು, ಎಲ್ಲದಕ್ಕೂ ಬಳ್ಳಿಯನ್ನೇ ಹಾಕಿಬಿಡೋಣ ಎಂದೆ. ಪೇಂಟರು ಒಪ್ಪಲಿಲ್ಲ: ‘ಇದ್ದದ್ದ ಇದ್ದಂಗ ತಗೀತೀನ್ರಿ ಸರ್ರ. ಕೂಡಸೂದಿಲ್ಲ, ಕಳಿಯೂದಿಲ್ಲ.’ ಅವರ ಮಾತೇ ಸರಿಯಾಗಿತ್ತು. ಗಣಪತಿಗೂ ಚಂದ್ರನಿಗೂ ಇವತ್ತಿನವರೆಗೆ ಯಾರೂ ಆಕ್ಷೇಪ ಎತ್ತಿಲ್ಲ. ಮುದುಕಿಯ ಹಣೆಯ ಗುರುತು ಎಲ್ಲರ ಪರವಾಗಿ ನಿಂತ ಮುಖದ ಮೇಲಿತ್ತು, ಆದ್ದರಿಂದ ಅದು ಉಳಿದವರನ್ನು ಹೊರಗಿಟ್ಟಿತು. ಬಾಗಿಲ ಮೇಲಿನ ಗುರುತು ಆ ಮನೆಯದು ಮಾತ್ರ, ಪಕ್ಕದ ಬಾಗಿಲಿಗೆ ಅದು ಏನನ್ನೂ ಹೇಳುವುದಿಲ್ಲ.

ಒಬ್ಬ ಹಿರಿಯರು ತಮ್ಮ ಬಾಗಿಲನ್ನು ಕೊಡಲಿಲ್ಲ. ಅವರ ಮನೆ ಹಳೆಯ ಊರಿನ ಎತ್ತರದ ಭಾಗದಲ್ಲಿ ಇನ್ನೂ ನಿಂತಿದೆ, ಮಗ ಅಲ್ಲಿಯೇ ಇದ್ದಾನೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ ಅಂಥ ಮನೆಗಳು ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟುಕೊಂಡೇ ಬದುಕುತ್ತಿವೆ. ‘ನಮ್ಮ ಬಾಗಲಾ ಇನ್ನೂ ಐತಿ. ಗ್ವಾಡಿ ಮ್ಯಾಲ ತಗದ್ರ ಅದೂ ಹೋತು ಅಂದಂಗ ಅಕ್ಕೈತಿ’ ಎಂದರು. ಗೋಡೆಯ ಮೇಲೆ ಬಂದದ್ದು ಇಲ್ಲವಾದದ್ದು ಎಂಬ ಆ ಓದನ್ನು ಎರಡನೆಯ ಸಲ ಕೇಳಿದೆವು, ಈ ಸಲ ಅದಕ್ಕೆ ತಲೆಬಾಗಿದೆವು. ಅವರ ಚೀಟಿ ಬಂದಿದ್ದ ಜಾಗವನ್ನು ಖಾಲಿ ಬಿಡಲಾಯಿತು.

ಏನಾಯಿತು

ಬಾಗಿಲುಗಳ ಮೇಲೆ ಯಾರೂ ನಂಬರು ಬರೆಯಲಿಲ್ಲ, ಉಗುಳಲಿಲ್ಲ ಎಂದು ಬರೆಯಲು ನನಗೆ ಆಸೆಯಿದೆ, ಆದರೆ ನಡೆದದ್ದು ಹಾಗಲ್ಲ. ಮೊದಲ ಆರು ತಿಂಗಳು ಉಗುಳು ಬಹಳ ಕಡಿಮೆಯಾಯಿತು. ಬಿದ್ದರೆ ಎದುರಿನ ಮನೆಯವರೇ ಒದ್ದೆ ಬಟ್ಟೆ ತಂದು ಒರೆಸುತ್ತಿದ್ದರು, ಅದೂ ತಮ್ಮ ಬಾಗಿಲನ್ನು ಮೊದಲು. ಮೂತ್ರ ಮಾತ್ರ ನಿಲ್ಲಲಿಲ್ಲ. ಬಾಗಿಲುಗಳ ಸಾಲು ಮುಗಿದ ಆಟೋ ನಿಲ್ದಾಣದ ಕೊನೆಗೆ ಅದು ಸರಿಯಿತು, ದೇವರ ಟೈಲ್ಸ್ ಇದ್ದಾಗ ಸರಿದಂತೆಯೇ. ಅದು ನಿಂತದ್ದು ಆಟೋ ಚಾಲಕರು ಮತ್ತು ನಿವಾಸಿಗಳು ಒಟ್ಟಾಗಿ ಅರ್ಜಿ ಕೊಟ್ಟು, ಹತ್ತಿರದಲ್ಲಿ ಬೀಗ ಬಿದ್ದಿದ್ದ ಶೌಚಾಲಯವೊಂದನ್ನು ತೆರೆಸಿದ ಮೇಲೆ. ಚಿತ್ರಕ್ಕೆ ಶೌಚಾಲಯದ ಕೆಲಸವನ್ನು ಹೊರಿಸಬಾರದು ಎಂದು ನಾನು ಈಗ ಹೋದಲ್ಲೆಲ್ಲ ಹೇಳುತ್ತೇನೆ. ಗೋಡೆ ಸ್ವಚ್ಛವಾಗಲಿ ಎಂದು ಚಿತ್ರ ಬರೆಸಿದರೆ, ಸ್ವಚ್ಛವಾಗದ ದಿನ ಜನ ಚಿತ್ರವನ್ನೇ ಸೋತಿತೆಂದು ಎಣಿಸುತ್ತಾರೆ.

ಇನ್ನೊಂದು ಪೆಟ್ಟು ನಾವು ನೋಡದೆ ಬಿಟ್ಟ ಕಡೆಯಿಂದ ಬಂತು. ಆ ಸಾಲಿನ ಮನೆಗಳ ಹಿಂಬದಿಯ ಕೋಣೆಗಳಲ್ಲಿ ಬಾಡಿಗೆಗಿದ್ದ ಕೂಲಿಯ ಕುಟುಂಬಗಳನ್ನು ನಾವು ಒಮ್ಮೆಯೂ ಕಟ್ಟೆಗೆ ಕರೆದಿರಲಿಲ್ಲ. ಅವರು ಹಳೆಯ ಊರಿನವರಲ್ಲ, ಅವರದೆಂಬ ಬಾಗಿಲು ಯಾವುದೂ ಮುಳುಗಿರಲಿಲ್ಲ. ಒಂದು ಬೆಳಿಗ್ಗೆ ಮೂರು ಬಾಗಿಲುಗಳ ಮೇಲೆ ಇದ್ದಿಲಿನಿಂದ ದೊಡ್ಡ ದೊಡ್ಡ ಬೀಗಗಳನ್ನು ಬರೆದದ್ದು ಕಂಡಿತು. ಬರೆದವರು ಆ ಮನೆಗಳ ಹುಡುಗರು. ಬೈಗುಳ ಶುರುವಾಗುವ ಮೊದಲೇ ಪೇಂಟರು ಅವರಲ್ಲಿ ಇಬ್ಬರನ್ನು ಕರೆದು, ಬೀಗ ಚೆನ್ನಾಗಿ ಬರೆದಿದ್ದೀರಿ, ನಿಮ್ಮ ಮನೆಯ ಬಾಗಿಲು ಹೇಗಿದೆ ಎಂದು ಕೇಳಿದರು. ತಗಡು ಎಂದರು ಹುಡುಗರು. ಖಾಲಿ ಉಳಿದಿದ್ದ ಜಾಗದ ಪಕ್ಕದಲ್ಲಿ, ಸಾಲಿನ ಕೊನೆಗೆ, ಒಂದು ತಗಡಿನ ಬಾಗಿಲು ಬಂತು. ತಗಡಿನ ಏಣುಗಳಿಗೆ ನೆರಳು, ಚಿಲಕದ ಬದಲಿಗೆ ಸುತ್ತಿದ ತಂತಿ, ಕೆಳಗೆ ತುಕ್ಕು. ಇಡೀ ಗೋಡೆಯಲ್ಲಿ ಅದೇ ಚೆಂದದ ಬಾಗಿಲು ಎಂದು ನನಗನಿಸುತ್ತದೆ. ಹಿರಿಯರಲ್ಲಿ ಇಬ್ಬರಿಗೆ ಅದು ಸೇರಲಿಲ್ಲ; ಇದು ನಮ್ಮ ಊರಿನ ಸಾಲು, ಇದರೊಳಗೆ ಅದು ಏಕೆ ಎಂದು ಈಗಲೂ ಕೇಳುತ್ತಾರೆ. ಅವರ ಪ್ರಶ್ನೆಗೆ ಅರ್ಥವಿಲ್ಲವೆಂದು ನಾನು ಹೇಳಲಾರೆ. ಬಾಗಿಲು ಮಾತ್ರ ಅಲ್ಲಿಯೇ ಇದೆ.

ಬೇರೆ ಊರುಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ನಮ್ಮ ಬಾಗಿಲುಗಳನ್ನು ನಕಲು ಮಾಡಿದರೆ ಏನೂ ಸಿಗುವುದಿಲ್ಲ ಎಂದು ನನ್ನ ಅನಿಸಿಕೆ. ವಿಜಯಪುರದಲ್ಲಾಗಲಿ ಬೆಳಗಾವಿಯಲ್ಲಾಗಲಿ ಗೋಡೆಯನ್ನು ಓದುವ ಕ್ರಮ ಬೇರೆ ಇದ್ದೀತು. ಬೆಳಗಾವಿಯಲ್ಲಿ ಬಹುಶಃ ಚಿತ್ರಕ್ಕಿಂತ ಮೊದಲು ಅದರ ಕೆಳಗಿನ ಲಿಪಿಯನ್ನೇ ಓದುತ್ತಾರೆ. ಬ್ರಷ್ ಎತ್ತುವ ಮುನ್ನ ಎದುರಿನ ಮನೆಯಲ್ಲಿ ಕೂತು, ನೀವು ಇಂಥ ಚಿತ್ರವನ್ನು ಇಲ್ಲಿ ಕಂಡರೆ ಏನೆಂದು ತಿಳಿಯುತ್ತೀರಿ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವುದನ್ನು ನಾವು ಮೊದಲೇ ಮಾಡಿದ್ದರೆ, ಬಹುಶಃ ಆ ಮುದುಕಿಯ ಮುಖವನ್ನೇ ಬೇರೆ ಯಾವುದೋ ರೀತಿಯಲ್ಲಿ ಉಳಿಸಿಕೊಳ್ಳಬಹುದಿತ್ತು. ಅದನ್ನು ಅಳಿಸಿದ ಹುಡುಗಿ ನಂತರ ಬಾಗಿಲುಗಳ ಕೆಲಸಕ್ಕೆ ಬಂದಳಾದರೂ ಮೊದಲಿನ ಹುರುಪಿನಿಂದ ಬರಲಿಲ್ಲ, ಮತ್ತು ಆ ನಷ್ಟವನ್ನು ನಾನು ಸಣ್ಣದೆಂದು ತಿಳಿದಿಲ್ಲ.

ಈಗ ಉಪ್ಪು ಕೆಮ್ಮಣ್ಣಿನ ಪಟ್ಟಿಯನ್ನು ದಾಟಿ ಮೂರನೆಯ ಬಾಗಿಲಿನ ಹೊಸ್ತಿಲಿಗೆ ಬಂದಿದೆ. ಮುಂದಿನ ಮಳೆಗಾಲಕ್ಕೆ ಮೊದಲು ಕೆರೆದು ಮತ್ತೆ ಬಣ್ಣ ಹಚ್ಚಬೇಕೆಂದು ಪೇಂಟರು ಹೇಳಿದ್ದಾರೆ. ಹಣವನ್ನು ಮನೆಗಳವರೇ ಕೂಡಿಸುತ್ತಿದ್ದಾರೆ, ಬಾಡಿಗೆ ಕೋಣೆಗಳಿಂದಲೂ ಪಟ್ಟಿ ಬಂದಿದೆ. ಸಂಸ್ಥೆಗೆ ಹೊಸ ಮೇಲ್ವಿಚಾರಕರು ಬಂದಿರುವುದರಿಂದ ಅನುಮತಿಯ ಪತ್ರವನ್ನು ಹೊಸದಾಗಿ ಬರೆದು ಕೊಟ್ಟಿದ್ದೇವೆ. ಖಾಲಿ ಬಿಟ್ಟ ಜಾಗಕ್ಕೆ ಈ ಸಲವೂ ಸುಣ್ಣವನ್ನಷ್ಟೇ ಬಳಿಯಬೇಕೆಂದು ಆ ಹಿರಿಯರು ಹೇಳಿ ಕಳಿಸಿದ್ದಾರೆ.